ಕೂಸಿನ ಕಾಯಿಲೆ, ಮನೆಯ ಮೌನ

ಮನೆಯ ಹಿರಿಯರು ಹಾಸಿಗೆ ಹಿಡಿದರೆ ಅದನ್ನು ಕಾಲಧರ್ಮವೆಂದು ತಿಳಿದು ಸೇವೆಗೆ ನಿಲ್ಲುವುದು ನಮ್ಮ ಕುಟುಂಬಗಳಿಗೆ ಗೊತ್ತಿರುವ ಸಂಗತಿ. ಅಂಥ ಹೊತ್ತಿನಲ್ಲಿ ಆಡಬೇಕಾದ ಮಾತುಗಳೂ ನಮ್ಮಲ್ಲಿವೆ, ನಡೆದುಕೊಳ್ಳುವ ರೀತಿಯೂ ಇದೆ. ಆದರೆ ನಾಲ್ಕು ವರ್ಷದ ಕೂಸಿಗೆ ಕ್ಯಾನ್ಸರ್ ಎಂದು ವೈದ್ಯರು ಹೇಳಿದ ದಿನ ಆ ಮನೆಗೆ ಯಾವ ಮಾತೂ ಒದಗಿ ಬರುವುದಿಲ್ಲ. ಕ್ಯಾನ್ಸರ್ ಎಂಬುದು ತಂಬಾಕು ಹಾಕುವವರಿಗೆ, ಬೀಡಿ ಸೇದುವವರಿಗೆ, ವಯಸ್ಸಾದವರಿಗೆ ಬರುವಂಥದು ಎಂದೇ ನಮ್ಮ ಜನ ನಂಬಿರುತ್ತಾರೆ. ಇನ್ನೂ ಹಾಲುಹಲ್ಲು ಬೀಳದ ಮಗುವಿಗೆ ಅದು ಹೇಗೆ ಬಂದೀತು? ಉತ್ತರ ಸಿಗದ ಈ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ಮನೆಯವರು ಮೌನವಾಗುತ್ತಾರೆ. ಆ ಮೌನವನ್ನು ಕುರಿತೇ ಈ ಲೇಖನ. ನಾವು ವೈದ್ಯರಲ್ಲ. ಮಠದ ಸಂಪರ್ಕದಿಂದ ಇಂಥ ಕೆಲವು ಮನೆಗಳಿಗೆ ಹೋಗಿ ಕುಳಿತು ಬಂದವರು, ಈ ವಿಷಯವಾಗಿ ತಿಳಿದವರು ಬರೆದುದನ್ನು ಓದಿಕೊಂಡವರು, ಅಷ್ಟೆ.

ಮೊದಲು ರೋಗದ ಸ್ವರೂಪವನ್ನು ನಾಲ್ಕು ಮಾತುಗಳಲ್ಲಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಪ್ರತಿವರ್ಷ 19 ವರ್ಷದೊಳಗಿನ ಸುಮಾರು 4 ಲಕ್ಷ ಮಕ್ಕಳು ಈ ರೋಗಕ್ಕೆ ತುತ್ತಾಗುತ್ತಾರೆ. ಅವುಗಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚು. ಮಿದುಳಿನ ಗಡ್ಡೆ, ಹಾಲ್ರಸಗ್ರಂಥಿಯ ಗಡ್ಡೆ, ಮೂತ್ರಪಿಂಡದ ಗಡ್ಡೆ, ಕಣ್ಣಿನ ಗಡ್ಡೆ, ಎಲುಬಿನ ಗಡ್ಡೆಗಳೂ ಉಂಟು. ಕಾರಣವಿಲ್ಲದೆ ವಾರಗಟ್ಟಲೆ ಬಿಡದ ಜ್ವರ, ಮುಖ ಬಿಳಿಚಿಕೊಳ್ಳುವುದು, ಮೈಮೇಲೆ ಪೆಟ್ಟಿಲ್ಲದೆ ಕಪ್ಪು ನೀಲಿ ಕಲೆ ಏಳುವುದು, ಎಲುಬು ನೋವೆಂದು ಕೂಸು ನಡೆಯಲು ಒಲ್ಲೆನ್ನುವುದು, ಹೊಟ್ಟೆಯಲ್ಲಿ ಗಟ್ಟಿ ಗಡ್ಡೆ ಕೈಗೆ ಸಿಗುವುದು, ಬೆಕ್ಕಿನ ಕಣ್ಣಿನಂತೆ ಪಾಪೆಯಲ್ಲಿ ಬಿಳಿ ಹೊಳಪು ಕಾಣುವುದು, ಇವು ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ತೋರಿಸಬೇಕು. ಬಹಳ ಸಲ ಅದು ಕ್ಯಾನ್ಸರ್ ಆಗಿರುವುದೇ ಇಲ್ಲ. ಆಗಿದ್ದರೆ ಬೇಗ ತೋರಿಸಿದವರಿಗೆ ಲಾಭ.

ಇಲ್ಲೊಂದು ಮಾತು ಪ್ರಾಸಂಗಿಕವಾಗಿ. 'ಅರ್ಬುದ'ವೆಂಬ ಶಬ್ದ ಸುಶ್ರುತಸಂಹಿತೆಯಲ್ಲಿಯೇ ಇದೆ. ಪಶ್ಚಿಮದವರು ಗಡ್ಡೆಯ ಸುತ್ತ ಚಾಚಿದ ರಕ್ತನಾಳಗಳನ್ನು ಕಂಡು ಏಡಿಯ ಕಾಲುಗಳನ್ನು ನೆನೆದರು. ಲ್ಯಾಟಿನ್ ಭಾಷೆಯಲ್ಲಿ ಕ್ಯಾನ್ಸರ್ ಎಂದರೆ ಏಡಿ, ನಮ್ಮ ಪಂಚಾಂಗದ ಕರ್ಕಾಟಕವೇ ಅದು. ಈ ಹೆಸರನ್ನು ಬಾಯಿಬಿಟ್ಟು ಹೇಳಲು ನಮ್ಮ ಮನೆಗಳಲ್ಲಿ ಈಗಲೂ ಭಯ. 'ರಕ್ತ ಕಡಿಮೆಯಾಗಿದೆ', 'ಜ್ವರ ನೆತ್ತಿಗೇರಿದೆ', 'ದೊಡ್ಡ ಬೇನೆ' ಎಂದೇ ಹೇಳುತ್ತಾರೆ. ಹೆಸರು ಹೇಳಿದರೆ ರೋಗ ಬಲಿಯುವುದೆಂಬ ಭಾವನೆ ಅದರ ಹಿಂದೆ ಇದ್ದಂತಿದೆ.

ಕಾರಣದ ಮಾತಿಗೆ ಬರೋಣ, ಏಕೆಂದರೆ ಮನೆ ಒಡೆಯುವುದು ಇಲ್ಲಿಂದಲೇ. ದೊಡ್ಡವರಿಗೆ ಬರುವ ಕ್ಯಾನ್ಸರಿನಲ್ಲಿ ತಂಬಾಕು, ಮದ್ಯ ಮುಂತಾದ ಚಟಗಳ ಪಾಲು ದೊಡ್ಡದು. ಮಕ್ಕಳ ಕ್ಯಾನ್ಸರಿಗೆ ಅಂಥ ಕಾರಣವನ್ನು ಬಹುಪಾಲು ತೋರಿಸಲಾಗದು. ಸುಮಾರು ನೂರಕ್ಕೆ ಹತ್ತು ಮಕ್ಕಳಲ್ಲಿ ಮಾತ್ರ ಹುಟ್ಟಿನಿಂದ ಬಂದ ವಂಶವಾಹಿ ದೋಷ ಇರಬಹುದೆಂದು ತಿಳಿದವರು ಹೇಳುತ್ತಾರೆ. ಉಳಿದ ಮಕ್ಕಳಲ್ಲಿ, ಬೆಳೆಯುತ್ತಿರುವ ದೇಹದ ಒಂದು ಕಣ ತನ್ನಷ್ಟಕ್ಕೆ ತಾನು ಹಾದಿ ತಪ್ಪಿರುತ್ತದೆ. ತಾಯಿ ಬಸುರಿಯಲ್ಲಿ ಉಂಡದ್ದರಿಂದಲ್ಲ, ಕೂಸು ಬಿದ್ದು ಪೆಟ್ಟು ಮಾಡಿಕೊಂಡದ್ದರಿಂದಲ್ಲ, ದೃಷ್ಟಿ ತಗುಲಿದ್ದರಿಂದಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ.

ಇಷ್ಟು ಸ್ಪಷ್ಟವಿದ್ದರೂ ಮನೆಯಲ್ಲಿ ನಡೆಯುವುದು ಬೇರೆ. 'ನಮ್ಮ ಕಡೆ ಯಾರಿಗೂ ಇದು ಇರಲಿಲ್ಲ' ಎಂದು ಅತ್ತೆ ಒಂದು ಮಾತು ಬಿಡುತ್ತಾರೆ. ಅದು ಸೊಸೆಯ ತವರಿಗೆ ಹೋಗಿ ತಗಲುತ್ತದೆ. ನೆರೆಯವರು ಪೂರ್ವಜನ್ಮದ ಕರ್ಮವೆನ್ನುತ್ತಾರೆ. ಸಾಂತ್ವನಕ್ಕೆಂದು ಆಡಿದ ಆ ಮಾತು ತಾಯಿಯ ಕಿವಿಗೆ ಹೇಗೆ ಕೇಳುತ್ತದೆ ಎಂಬುದನ್ನು ಆಡಿದವರು ಯೋಚಿಸಿರುವುದಿಲ್ಲ. ಕೂಸು ಏನು ಪಾಪ ಮಾಡಿರಲು ಸಾಧ್ಯ? ಮಾಡಿದ್ದರೆ ನಾನೇ ಮಾಡಿರಬೇಕು, ಎಂದು ಆಕೆ ತೀರ್ಮಾನಿಸುತ್ತಾಳೆ. ಶಕುನ, ಗ್ರಹಚಾರಗಳ ಭಯವನ್ನು ಎಂಟುನೂರು ವರ್ಷಗಳ ಹಿಂದೆಯೇ ತಳ್ಳಿಹಾಕಿದ ಶರಣರನ್ನು ನಿತ್ಯ ನೆನೆಯುವ ಮನೆಗಳಲ್ಲಿಯೇ, ಈ ಸಂಕಟ ಬಂದಾಗ ಜಾತಕ ಹಿಡಿದು ಅಲೆಯುವುದನ್ನು ನಾವು ಕಂಡಿದ್ದೇವೆ. ಅವರನ್ನು ಬೈಯಲು ಮನಸ್ಸು ಬಾರದು. ಆದರೆ ಅಲೆದಾಟದಲ್ಲಿ ಹೋದ ಎರಡು ತಿಂಗಳು ಚಿಕಿತ್ಸೆಗೆ ಸಲ್ಲಬೇಕಾಗಿದ್ದ ಎರಡು ತಿಂಗಳು.

ಚಿಕಿತ್ಸೆ ಇದೆಯೇ ಎಂದು ಕೇಳಿದರೆ, ಇದೆ. ಈ ಮಾತನ್ನು ಒತ್ತಿ ಹೇಳಬೇಕು. 1947ರ ವರೆಗೆ ಮಕ್ಕಳ ರಕ್ತದ ಕ್ಯಾನ್ಸರ್ ಎಂದರೆ ಕೆಲವು ವಾರ ಅಥವಾ ತಿಂಗಳುಗಳ ಆಯುಷ್ಯ, ಅಷ್ಟೆ. ಅಮೆರಿಕೆಯ ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು 16 ಮಕ್ಕಳಿಗೆ ಅಮಿನೊಪ್ಟೆರಿನ್ ಎಂಬ ಔಷಧ ಕೊಟ್ಟು, ಅವರಲ್ಲಿ 10 ಮಕ್ಕಳ ರೋಗ ತಾತ್ಕಾಲಿಕವಾಗಿ ಹಿಂದೆ ಸರಿದುದನ್ನು 1948ರಲ್ಲಿ ಪ್ರಕಟಿಸಿದರು. ಆ ಔಷಧವನ್ನು ಸಿದ್ಧಪಡಿಸಿದ ಲೆಡರ್ಲೆ ಪ್ರಯೋಗಶಾಲೆಯ ಸಂಶೋಧನೆಯ ನೇತೃತ್ವ ವಹಿಸಿದ್ದವರು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರು ಅದೇ 1948ರಲ್ಲಿ ತೀರಿಕೊಂಡರು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ಇಂದಿಗೂ ಈ ಮಕ್ಕಳಿಗೆ ಕೊಡುತ್ತಾರೆ. ನಮ್ಮ ಅಂಗಳದಲ್ಲಿ ನೀರಿಲ್ಲದೆಯೂ ಹೂ ಬಿಡುವ ಕಾಶಿಕಣಗಿಲೆ, ಅಂದರೆ ನಿತ್ಯಪುಷ್ಪದ ಗಿಡದಿಂದ ಬಂದದ್ದು ವಿನ್‌ಕ್ರಿಸ್ಟೀನ್ ಎಂಬ ಇನ್ನೊಂದು ಔಷಧ. ಇದನ್ನು ಓದಿ ಯಾರೂ ಆ ಗಿಡದ ಕಷಾಯ ಮಾಡಿ ಕುಡಿಸಬಾರದು. ಆ ಗಿಡ ವಿಷ, ಅದರಿಂದ ತೆಗೆದ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ಅಳೆದು ಕೊಡಲಾಗುತ್ತದೆ. ಈಗ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಹಲವೆಡೆ ಮೂವತ್ತು ಮಂದಿಯೂ ಆಗುವುದಿಲ್ಲ. ಈ ಅಂತರಕ್ಕೆ ತಡವಾಗಿ ತೋರಿಸುವುದು, ಔಷಧ ಸಿಗದಿರುವುದು ಮುಂತಾದವುಗಳ ಜೊತೆಗೆ, ಚಿಕಿತ್ಸೆಯನ್ನು ನಡುವೆ ಕೈಬಿಡುವುದೂ ಒಂದು ದೊಡ್ಡ ಕಾರಣ.

ನಡುವೆ ಕೈಬಿಡುವುದೇಕೆ? ರಕ್ತದ ಕ್ಯಾನ್ಸರಿನ ಸಾಮಾನ್ಯ ಬಗೆಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಮೊದಲ ನಾಲ್ಕೈದು ವಾರಗಳಲ್ಲಿಯೇ ಬಹುತೇಕ ಮಕ್ಕಳ ರಕ್ತ ಶುದ್ಧವಾದಂತೆ ಕಾಣುತ್ತದೆ. ಕೂಸು ಎದ್ದು ಆಡುತ್ತದೆ, ಅನ್ನ ಉಣ್ಣುತ್ತದೆ. ಸ್ಟೀರಾಯ್ಡ್ ಮಾತ್ರೆಯ ಪ್ರಭಾವದಿಂದ ಮುಖ ದುಂಡಗಾಗಿ ಹೊಟ್ಟೆ ಬಾಕನಂತೆ ಹಸಿಯುವುದೂ ಉಂಟು. ಊರಿಂದ ನೋಡಲು ಬಂದ ದೊಡ್ಡಪ್ಪ 'ಹುಡುಗ ಗುಂಡಗುಂಡಗ ಆಗ್ಯಾನಲ್ಲೋ, ಇನ್ನ ಯಾಕ ಬೆನ್ನಿಗೆ ಸೂಜಿ ಚುಚ್ಚಸ್ತೀರಿ, ನಡೀರಿ ಊರಿಗೆ' ಎನ್ನುತ್ತಾನೆ. ಹೊಲದಲ್ಲಿ ಜೋಳ ಬಿದ್ದಿರುತ್ತದೆ, ಸಾಲ ಬೆಳೆದಿರುತ್ತದೆ. ಅವರು ಹೊರಡುತ್ತಾರೆ. ಮರೆಯಲ್ಲಿ ಉಳಿದ ಕಣಗಳು ಕೆಲವು ತಿಂಗಳಲ್ಲಿ ಮತ್ತೆ ತಲೆಯೆತ್ತುತ್ತವೆ, ಮತ್ತು ಎರಡನೆಯ ಸಲ ಬಂದ ರೋಗ ಮೊದಲಿನದಕ್ಕಿಂತ ಗಟ್ಟಿ. ಆದುದರಿಂದ ಕೂಸು ಆರೋಗ್ಯವಾಗಿ ಕಾಣುತ್ತಿರುವಾಗಲೇ ಚಿಕಿತ್ಸೆ ಮುಂದುವರಿಸುವ ಧೈರ್ಯ ಬೇಕು. ಆ ಧೈರ್ಯವನ್ನು ಕೊಡಬೇಕಾದವರು ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವಂದಿರು.

ಹಣದ ಮಾತು ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇವೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಸಂಸ್ಥೆ ಇದೆ, ಕಲಬುರಗಿಯಲ್ಲಿ ಅದರ ಶಾಖೆ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ನಮ್ಮ ಬೆಳಗಾವಿ, ವಿಜಯಪುರದ ಕಡೆಯವರು ಹೋಗುವುದುಂಟು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಸಿಗುತ್ತದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ. ಇವೆಲ್ಲ ಇದ್ದರೂ ಉಳಿಯುವ ಖರ್ಚು ಯಾವ ಯೋಜನೆಯ ಲೆಕ್ಕಕ್ಕೂ ಸಿಗುವುದಿಲ್ಲ. ಊರು ಬಿಟ್ಟು ತಿಂಗಳುಗಟ್ಟಲೆ ಇರಬೇಕಾದ ಕೋಣೆಯ ಬಾಡಿಗೆ, ತಂದೆಯ ತಪ್ಪಿದ ಕೂಲಿ, ಕೂಸಿಗೆ ಕುದಿಸಿ ಆರಿಸಿದ ನೀರು, ಬಿಸಿ ಅಡುಗೆ. ಮುಂಬಯಿಯಲ್ಲಿ 2006ರಿಂದ ಸೇಂಟ್ ಜ್ಯೂಡ್ ಇಂಡಿಯಾ ಸಂಸ್ಥೆಯವರು ಇಂಥ ಕುಟುಂಬಗಳಿಗೆ ಬಾಡಿಗೆಯಿಲ್ಲದೆ ವಸತಿ ಕೊಡುತ್ತ ಬಂದಿದ್ದಾರೆ. ಒಂದು ಕುಟುಂಬಕ್ಕೆ ಒಂದು ಸಣ್ಣ ಸ್ಥಳ, ಎಲ್ಲರಿಗೂ ಸೇರಿ ಅಡುಗೆಮನೆ. ಬೇರೆ ಬೇರೆ ಭಾಷೆಯ ತಾಯಂದಿರು ಅಲ್ಲಿ ಅಕ್ಕಪಕ್ಕದ ಒಲೆಗಳಲ್ಲಿ ಬೇಯಿಸುತ್ತಾರೆ. ದಾಸೋಹಕ್ಕೆ ಹೆಸರಾದ ನಮ್ಮ ಸಂಸ್ಥೆಗಳ ಕಲ್ಯಾಣಮಂಟಪಗಳು ವರ್ಷದ ಎಷ್ಟು ದಿನ ಬೀಗ ಹಾಕಿಕೊಂಡಿರುತ್ತವೆ ಎಂಬುದನ್ನು ಅವುಗಳ ಆಡಳಿತ ಮಂಡಳಿಯವರು ಒಮ್ಮೆ ಎಣಿಸಿ ನೋಡಬೇಕು.

ಈಗ ಮನೆಯೊಳಗೆ ಬರೋಣ. ಚಿಕಿತ್ಸೆ ಆರಂಭವಾದೊಡನೆ ಮನೆ ಎರಡಾಗುತ್ತದೆ. ತಾಯಿ ಮತ್ತು ರೋಗಿಯಾದ ಕೂಸು ಬೆಂಗಳೂರಿನಲ್ಲಿ. ತಂದೆ, ಅಜ್ಜಿ, ಉಳಿದ ಮಕ್ಕಳು ಊರಿನಲ್ಲಿ. ತಂದೆ ಎರಡೂ ಕಡೆ ಓಡಾಡುತ್ತಾನೆ. 2023ರಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದಿರುವುದರಿಂದ ಈಚೆಗೆ ಅಜ್ಜಿಯೋ ಚಿಕ್ಕಮ್ಮನೋ ಹೋಗಿ ಒಂದು ವಾರ ತಾಯಿಗೆ ಬಿಡುವು ಕೊಟ್ಟು ಬರುವುದು ಸಾಧ್ಯವಾಗಿದೆ. ಇದನ್ನು ಹೆಚ್ಚು ಮನೆಗಳು ಬಳಸಿಕೊಳ್ಳಬೇಕು. ಎಂಟು ತಿಂಗಳು ಒಂದೇ ಹಾಸಿಗೆಯ ಪಕ್ಕ ಕುಳಿತ ತಾಯಿ ನಿದ್ದೆಯನ್ನೇ ಮರೆತಿರುತ್ತಾಳೆ. ಮನೆಯಿಂದ ಫೋನು ಬಂದರೆ 'ಆರಾಮದೇವಿ' ಎನ್ನುತ್ತಾಳೆ. ಗಂಡನೂ ಇತ್ತ ಕಡೆಯಿಂದ 'ಇಲ್ಲೂ ಆರಾಮದೇವಿ' ಎನ್ನುತ್ತಾನೆ. ಎಮ್ಮೆ ಮಾರಿದ್ದನ್ನು ಆತ ಹೇಳಿರುವುದಿಲ್ಲ, ಪಕ್ಕದ ಹಾಸಿಗೆಯ ಮಗು ಹೋದದ್ದನ್ನು ಆಕೆ ಹೇಳಿರುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದೇ ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದೇ ಅವರ ನಡುವೆ ಗೋಡೆಯಾಗುತ್ತದೆ. ತಂದೆಯ ಸ್ಥಿತಿ ಇನ್ನೂ ಕಠಿಣ, ಏಕೆಂದರೆ ಗಂಡಸು ಅಳುವುದನ್ನು ನಮ್ಮ ಸಮಾಜ ನೋಡಲು ಒಪ್ಪುವುದಿಲ್ಲ. ಎಲ್ಲರೂ ಅವನನ್ನು 'ಕೂಸು ಹೆಂಗೈತಿ' ಎಂದು ಕೇಳುತ್ತಾರೆ. 'ನೀ ಹೆಂಗದೀಯಪ್ಪಾ' ಎಂದು ಕೇಳಿದವರು ಒಬ್ಬರೂ ಇಲ್ಲವೆಂದು ಒಬ್ಬ ತಂದೆ ನಮ್ಮ ಮುಂದೆ ಹೇಳಿ ಮುಖ ತಿರುಗಿಸಿಕೊಂಡ.

ಆದರೆ ಎಲ್ಲರ ಕಣ್ಣಿಗೂ ಬೀಳದೆ ಉಳಿಯುವವರು ಆ ಮನೆಯ ಇನ್ನೊಂದು ಮಗು. ನಾವು ಬಲ್ಲ ಮನೆಯೊಂದರಲ್ಲಿ ಐದು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಒಂಬತ್ತು ವರ್ಷದ ಅಕ್ಕ ಅಜ್ಜಿಯ ಹತ್ತಿರ ಊರಿನಲ್ಲಿ ಉಳಿದಳು. ತಮ್ಮನಿಗೆ ಏನಾಗಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಣ್ಣ ಹುಡುಗಿ, ಅವಳಿಗೇಕೆ ಎಂಬ ಭಾವ. ಹುಡುಗಿ ಜಾಣೆ, ಹಟವಿಲ್ಲ, ತಾನೇ ಜಡೆ ಹಾಕಿಕೊಂಡು ಸಾಲೆಗೆ ಹೋಗುತ್ತಾಳೆ ಎಂದು ಎಲ್ಲರೂ ಹೊಗಳುತ್ತಿದ್ದರು. ನಾವು ಹೋದಾಗಲೂ ಆಕೆ ನೀರು ತಂದಿಟ್ಟು ಬಾಗಿಲ ಮರೆಗೆ ನಿಂತಳು. ಅಜ್ಜಿ ಒಳಗೆ ಹೋದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಜ್ಜಾರ, ನಾ ಒಂದಿನ ಜಗಳದಾಗ ತಮ್ಮಗ 'ನೀ ಸಾಯಿ' ಅಂದಿದ್ನಿರಿ. ಅದಕ್ಕ ಅವಂಗ ಹಿಂಗ ಆತೇನ್ರಿ?"

ಎಂಟು ತಿಂಗಳು ಆ ಹುಡುಗಿ ಈ ಪ್ರಶ್ನೆಯನ್ನು ಒಬ್ಬಳೇ ಹೊತ್ತು ತಿರುಗಿದ್ದಳು. ಅವಳ ಜಾಣತನವೆಂದು ಎಲ್ಲರೂ ಹೊಗಳಿದ್ದು ಒಂದು ಬಗೆಯ ಪ್ರಾಯಶ್ಚಿತ್ತವಾಗಿತ್ತು. ಮಾತಿನಿಂದ ಯಾರಿಗೂ ಈ ಬೇನೆ ಬರುವುದಿಲ್ಲ, ರಕ್ತದೊಳಗಿನ ಒಂದು ಕಣ ಕೆಟ್ಟಿದೆ, ಅದು ಏಕೆ ಕೆಟ್ಟಿತೆಂದು ಡಾಕ್ಟರರಿಗೂ ತಿಳಿಯದು, ಅಣ್ಣತಮ್ಮ ಅಕ್ಕತಂಗಿಯರು ಜಗಳದಲ್ಲಿ ಎಲ್ಲ ಮನೆಗಳಲ್ಲೂ ಹಾಗೆ ಅನ್ನುತ್ತಾರೆ ಎಂದು ನಾವು ಹೇಳಿದೆವು. ಹೇಳಿ, ಅವಳ ತಂದೆಗೆ ಈ ವಿಷಯ ತಿಳಿಸಿದೆವು. ದಸರೆಯ ಸೂಟಿಯಲ್ಲಿ ಆತ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದ. ತಮ್ಮನ ಬೋಳುತಲೆ ಮುಟ್ಟಿ ನೋಡಿ ನಕ್ಕಳಂತೆ. ಅವನೂ ನಕ್ಕನಂತೆ. ಆಮೇಲೆ ಇಬ್ಬರೂ ಬಿಸ್ಕೀಟಿಗೆ ಜಗಳವಾಡಿದರಂತೆ. ಅದನ್ನು ಹೇಳುವಾಗ ಆ ತಂದೆಗೆ ಎಲ್ಲಕ್ಕಿಂತ ಹೆಚ್ಚು ಸಂತೋಷವಾದದ್ದು ಆ ಜಗಳ.

ಮಕ್ಕಳ ಮನಸ್ಸನ್ನು ಬಲ್ಲವರು ಇದನ್ನು ಹೊಸದೆಂದು ಹೇಳುವುದಿಲ್ಲ. ಚಿಕ್ಕ ಮಕ್ಕಳು ತಮ್ಮ ಯೋಚನೆಗೆ, ತಮ್ಮ ಮಾತಿಗೆ ಲೋಕವನ್ನು ಬದಲಿಸುವ ಶಕ್ತಿಯಿದೆ ಎಂದು ತಿಳಿಯುತ್ತಾರೆ. ನಿಜ ಹೇಳದೆ ಬಿಟ್ಟ ಜಾಗವನ್ನು ಅವರು ತಮ್ಮದೇ ಕಥೆಯಿಂದ ತುಂಬುತ್ತಾರೆ, ಮತ್ತು ಆ ಕಥೆ ನಿಜಕ್ಕಿಂತ ಭೀಕರವಾಗಿರುತ್ತದೆ. ಕೆಲವು ರೋಗಗಳಲ್ಲಿ ಅಸ್ಥಿಮಜ್ಜೆಯ ಕಸಿ ಬೇಕಾಗುತ್ತದೆ. ಒಡಹುಟ್ಟಿದವರ ಮಜ್ಜೆ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಹೊಂದಿ, ಕೊಟ್ಟು, ಆದರೂ ಕೂಸು ಉಳಿಯದಿದ್ದರೆ ಕೊಟ್ಟ ಮಗುವಿನ ಮನಸ್ಸೇನಾದೀತು? ಹೊಂದದಿದ್ದರೆ 'ನನ್ನದು ಬರಲಿಲ್ಲ' ಎಂಬ ಕೊರಗು. ಇಂಥಲ್ಲಿ ಮುಂಚೆಯೇ ಕೂರಿಸಿಕೊಂಡು ಮಾತಾಡಿರಬೇಕು.

ಇನ್ನು ರೋಗಿಯಾದ ಮಗುವಿಗೇ ಹೇಳುವ ಪ್ರಶ್ನೆ. 'ಕೂಸಿಗೆ ಏನು ತಿಳಿಯುತ್ತದೆ' ಎಂಬುದು ಹಿರಿಯರ ನಂಬಿಕೆ. ಅಮೆರಿಕೆಯಲ್ಲಿ ಮೈರಾ ಬ್ಲೂಬಾಂಡ್ ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ, ರಕ್ತದ ಕ್ಯಾನ್ಸರಾಗಿ ಆಸ್ಪತ್ರೆಯಲ್ಲಿದ್ದ ಮೂರರಿಂದ ಒಂಬತ್ತು ವರ್ಷದ ಮಕ್ಕಳ ನಡುವೆ ತಿಂಗಳುಗಟ್ಟಲೆ ಇದ್ದು, 1978ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಆ ಕಾಲದಲ್ಲಿ ಅಲ್ಲಿಯೂ ಮಕ್ಕಳಿಗೆ ರೋಗದ ಗಂಭೀರತೆಯನ್ನು ಹೇಳುತ್ತಿರಲಿಲ್ಲ. ಆದರೂ ಮಕ್ಕಳಿಗೆಲ್ಲ ಗೊತ್ತಿತ್ತು. ಔಷಧಗಳ ಹೆಸರು ಕಲಿತಿದ್ದರು, ಪಕ್ಕದ ಹಾಸಿಗೆ ಬರಿದಾದುದರ ಅರ್ಥ ತಿಳಿದಿದ್ದರು, ತಾವೂ ಸಾಯಬಹುದೆಂಬುದನ್ನು ಅರಿತಿದ್ದರು. ಅರಿತೂ ಅರಿಯದವರಂತೆ ಇದ್ದರು, ಏಕೆಂದರೆ ಆ ಮಾತು ತೆಗೆದರೆ ತಂದೆತಾಯಿ ಅಳುತ್ತಾರೆ, ಎದ್ದು ಹೊರಗೆ ಹೋಗುತ್ತಾರೆ. ಅಂದರೆ ದೊಡ್ಡವರು ಮಗುವನ್ನು ಕಾಪಾಡುತ್ತಿದ್ದೇವೆಂದು ಸುಮ್ಮನಿದ್ದರು, ಮಗು ದೊಡ್ಡವರನ್ನು ಕಾಪಾಡುತ್ತಿತ್ತು. ಅಷ್ಟು ಎಳೆಯ ಹೆಗಲ ಮೇಲೆ ಈ ಭಾರ ಸಲ್ಲದು.

ಸ್ವೀಡನ್ ದೇಶದಲ್ಲಿ ನಡೆದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಕ್ಯಾನ್ಸರಿನಿಂದ ಮಗುವನ್ನು ಕಳೆದುಕೊಂಡ 429 ತಂದೆತಾಯಿಗಳು, ಸಾವಿನ ವಿಷಯವನ್ನು ಮಗುವಿನೊಡನೆ ಮಾತಾಡಿದ್ದಿರಾ ಎಂಬ ಪ್ರಶ್ನೆಗೆ ಉತ್ತರಿಸಿದರು. ಮಾತಾಡಿದ್ದ 147 ಮಂದಿಯಲ್ಲಿ ಒಬ್ಬರಿಗೂ ಮಾತಾಡಿದ್ದಕ್ಕಾಗಿ ಪಶ್ಚಾತ್ತಾಪವಿರಲಿಲ್ಲ. ಮಾತಾಡದಿದ್ದ 258 ಮಂದಿಯಲ್ಲಿ 69 ಮಂದಿ, ಮಾತಾಡಬೇಕಾಗಿತ್ತು ಎಂದು ಕೊರಗುತ್ತಿದ್ದರು. ಆ ದೇಶ ಬೇರೆ, ನಡೆ ಬೇರೆ ಎಂದು ಕೆಲವರು ಹೇಳಿಯಾರು. ಇರಬಹುದು. ಎಲ್ಲ ಮಕ್ಕಳಿಗೂ ಎಲ್ಲವನ್ನೂ ಹೇಳಬೇಕೆಂದು ನಾವು ಹೇಳುತ್ತಿಲ್ಲ. ಮಾತಾಡದವರಲ್ಲಿಯೂ ಹೆಚ್ಚಿನವರಿಗೆ ಕೊರಗಿರಲಿಲ್ಲ ಎಂಬುದು ಅದೇ ಲೆಕ್ಕದಲ್ಲಿದೆ. ಆದರೆ ಮಗು ತಾನಾಗಿ ಕೇಳಿದರೆ ಸುಳ್ಳು ಹೇಳಬಾರದು. 'ಸೂಜಿ ಚುಚ್ಚುವುದಿಲ್ಲ, ಸುಮ್ಮನೆ ನೋಡಿ ಕಳಿಸುತ್ತಾರೆ' ಎಂದು ನಂಬಿಸಿ ಕರೆದೊಯ್ದ ತಾಯಿಯನ್ನು ಆ ಮಗು ಮರುದಿನ ನಂಬುವುದಿಲ್ಲ. 'ನೋಯುತ್ತದೆ, ಸ್ವಲ್ಪ ಹೊತ್ತು, ನಾನು ಕೈ ಹಿಡಿದುಕೊಂಡಿರುತ್ತೇನೆ' ಎಂದ ತಾಯಿಯ ಕೈಯನ್ನು ಅದು ಬಿಡುವುದಿಲ್ಲ.

ನೋಡಲು ಹೋಗುವ ಬಂಧುಗಳಿಗೂ ಎರಡು ಮಾತು. ಔಷಧದಿಂದ ಈ ಮಕ್ಕಳ ಬಿಳಿ ರಕ್ತಕಣಗಳು ಕುಸಿದಿರುತ್ತವೆ. ನಮಗೆ ಬರೀ ನೆಗಡಿಯಾದದ್ದು ಅವರಿಗೆ ಪ್ರಾಣಾಪಾಯವಾದೀತು. ಸಿಡುಬಿನ ಗುಳ್ಳೆ, ದಡಾರ ಆದ ಮನೆಯಿಂದ ಬರಲೇಬಾರದು. ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು. ಹತ್ತು ಜನ ಗಾಡಿ ಮಾಡಿಕೊಂಡು ಹೋಗಿ ಹಾಸಿಗೆಯ ಸುತ್ತ ನಿಂತು, ಕೂಸಿನ ಮುಂದೆಯೇ 'ನಮ್ಮೂರಾಗ ಒಬ್ಬರಿಗೆ ಹಿಂಗ ಆಗಿ ಉಳೀಲಿಲ್ಲ' ಎಂದು ಲೊಚಗುಟ್ಟಿ, ಬಾಳೆಹಣ್ಣು ಇಟ್ಟು ಬರುವುದಕ್ಕಿಂತ ಹೋಗದಿರುವುದು ಲೇಸು. ಹೋಗುವುದಕ್ಕಿಂತ ಉಪಯುಕ್ತವಾದ ಕೆಲಸಗಳು ಊರಿನಲ್ಲೇ ಇವೆ. ಅವರ ದನಕ್ಕೆ ಮೇವು ಹಾಕುವುದು, ಬಿತ್ತನೆಯ ದಿನ ಅವರ ಹೊಲಕ್ಕೆ ಒಂದು ಜೋಡಿ ಎತ್ತು ಕಳಿಸುವುದು, ಉಳಿದ ಮಕ್ಕಳನ್ನು ತಮ್ಮ ಮಕ್ಕಳೊಡನೆ ಕೂರಿಸಿ ಓದಿಸುವುದು. ಮತ್ತೆ ರಕ್ತ. ಈ ಮಕ್ಕಳಿಗೆ ರಕ್ತ, ಪ್ಲೇಟ್‌ಲೆಟ್ ಪದೇ ಪದೇ ಬೇಕು. ಪ್ಲೇಟ್‌ಲೆಟ್ ಸಂಗ್ರಹಿಸಿಟ್ಟರೆ ಸುಮಾರು ಐದು ದಿನ ಮಾತ್ರ ಬಾಳುತ್ತದೆ, ಆದ್ದರಿಂದ ಒಮ್ಮೆ ಶಿಬಿರ ಮಾಡಿ ಫೋಟೊ ತೆಗೆಸಿಕೊಂಡರೆ ಸಾಲದು. ಹದಿನೆಂಟು ತುಂಬಿದ, ಆರೋಗ್ಯವಂತ ತರುಣರು ಮೂರು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಬೆಂಗಳೂರಿನಲ್ಲಿ ಓದುವ, ದುಡಿಯುವ ನಮ್ಮ ಹುಡುಗರು ಸರದಿ ಮಾಡಿಕೊಂಡರೆ ಒಬ್ಬ ತಂದೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಅಪರಿಚಿತರನ್ನು ಬೇಡುವುದು ತಪ್ಪುತ್ತದೆ.

ಹೆಣ್ಣುಮಕ್ಕಳ ವಿಷಯ ಬರೆಯದೆ ಇರಲಾಗದು. ನಮ್ಮ ದೇಶದ ಆಸ್ಪತ್ರೆಗಳ ದಾಖಲೆಗಳಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ಹುಡುಗರ ಸಂಖ್ಯೆ ಹುಡುಗಿಯರ ಸಂಖ್ಯೆಗಿಂತ ಬಹಳ ಹೆಚ್ಚು. ರೋಗವೇ ಹುಡುಗರಲ್ಲಿ ಸ್ವಲ್ಪ ಹೆಚ್ಚೆಂಬುದು ನಿಜವಾದರೂ ಅಷ್ಟೊಂದು ವ್ಯತ್ಯಾಸಕ್ಕೆ ಅದು ಕಾರಣವಾಗಲಾರದು. ಉಳಿದ ಹುಡುಗಿಯರು ಎಲ್ಲಿ ಹೋದರು? ಮನೆಯಲ್ಲೇ ಉಳಿದರು. ಜ್ವರವೆಂದು ಮಲಗಿದರು, ಹೋದರು. ಇಷ್ಟಲಿಂಗವನ್ನು ಹೆಣ್ಣಿನ ಕೈಗೂ ಗಂಡಿನ ಕೈಗೂ ಸಮನಾಗಿ ಕೊಟ್ಟ ಸಮಾಜದ ಮನೆಗಳೂ ಈ ಲೆಕ್ಕದ ಹೊರಗಿಲ್ಲ.

ಕೂಸು ಉಳಿಯದೆ ಹೋದ ಮನೆಯಲ್ಲಿ ಹೇಳಬಹುದಾದ ಮಾತು ಕಡಿಮೆ. ಹೇಳಬಾರದ ಮಾತುಗಳು ಮಾತ್ರ ಗೊತ್ತಿವೆ. 'ಇನ್ನೊಂದು ಆಗ್ತದ ಬಿಡು' ಎನ್ನಬಾರದು. 'ನರಳೋದು ತಪ್ತು' ಎನ್ನಬಾರದು, ತಾಯಿ ತಾನಾಗಿ ಹೇಳಿಕೊಂಡರೆ ಬೇರೆ. ಮಗುವಿನ ಹೆಸರನ್ನು ಆ ಮನೆಯಲ್ಲಿ ಎತ್ತಬಾರದೆಂದು ನೆಂಟರೆಲ್ಲ ಸೇರಿ ನಿರ್ಧರಿಸುವುದೂ ಉಂಟು. ನಾವು ಕಂಡಂತೆ ತಾಯಂದಿರಿಗೆ ಬೇಕಾದದ್ದು ಇದಕ್ಕೆ ವಿರುದ್ಧ. ಆ ಹೆಸರನ್ನು ಯಾರಾದರೂ ಸಹಜವಾಗಿ ಆಡಿದರೆ, 'ಅವ ಹೋಳಿಗಿ ಅಂದ್ರ ಹೆಂಗ ಓಡಿ ಬರತಿದ್ದ' ಎಂದರೆ, ಆಕೆಯ ಕಣ್ಣು ತುಂಬುತ್ತದೆ ನಿಜ, ಆದರೆ ಆಕೆ ಇನ್ನೂ ಸ್ವಲ್ಪ ಹೊತ್ತು ಕೂರಿ ಎನ್ನುತ್ತಾಳೆ.

ಗುಣವಾಗಿ ಬಂದ ಮಕ್ಕಳ ಸಂಖ್ಯೆ ಈಗ ನಮ್ಮ ನಡುವೆ ಬೆಳೆಯುತ್ತಿದೆ. ಅವರು ಸಾಲೆಗೆ ಹಿಂದಿರುಗಿದಾಗ ಕೂದಲಿರುವುದಿಲ್ಲ. ಇದು ಅಂಟುವ ಬೇನೆಯಲ್ಲವೆಂದು ಗುರುಗಳು ತರಗತಿಯಲ್ಲಿ ಒಂದು ಸಲ ಬಿಡಿಸಿ ಹೇಳಿದರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ. ಮಕ್ಕಳು ಬೇಗ ಒಪ್ಪುತ್ತಾರೆ, ತಂದೆತಾಯಿಗಳೇ ತಡ. ಕಷ್ಟ ಬರುವುದು ಮುಂದೆ ಮದುವೆಯ ವಯಸ್ಸಿನಲ್ಲಿ. ಆರು ವರ್ಷದವಳಿದ್ದಾಗ ಗುಣವಾದ ಹುಡುಗಿಗೆ ಇಪ್ಪತ್ನಾಲ್ಕರಲ್ಲಿ ವರ ಬಂದರೆ, ಮನೆಯವರು ಆ ಮೂರು ವರ್ಷಗಳನ್ನು ಅವಳ ಬದುಕಿನಿಂದಲೇ ಅಳಿಸಲು ನೋಡುತ್ತಾರೆ. ವರನ ಕಡೆಯವರು ಕೇಳಿ ತಿಳಿಯಬೇಕಾದ ಸಂಗತಿ ಹೀಗಿದೆ: ಚಿಕಿತ್ಸೆ ಮುಗಿದು ಬಹಳ ವರ್ಷವಾದವರಲ್ಲಿ ಮೊದಲಿನ ರೋಗ ಮರಳುವುದು ಅಪರೂಪ. ಅನೇಕರಿಗೆ ಮಕ್ಕಳಾಗುತ್ತವೆ, ಕೆಲವು ಬಗೆಯ ಚಿಕಿತ್ಸೆ ಪಡೆದವರಿಗೆ ತೊಂದರೆಯಾಗಬಹುದು, ಅದನ್ನು ಅವರ ವೈದ್ಯರೇ ಹೇಳಬಲ್ಲರು. ಕಣ್ಣಿನ ಗಡ್ಡೆಯ ಒಂದು ಬಗೆಯಂಥ ವಂಶವಾಹಿ ರೋಗಗಳನ್ನು ಬಿಟ್ಟರೆ, ಇವರಿಗೆ ಹುಟ್ಟುವ ಮಕ್ಕಳಿಗೆ ಕ್ಯಾನ್ಸರ್ ಬರುವ ಸಂಭವ ಉಳಿದವರ ಮಕ್ಕಳಿಗಿಂತ ಹೆಚ್ಚೇನೂ ಅಲ್ಲ.

ಮದುವೆ ಗೊತ್ತಾಗುವ ಹೊತ್ತಿಗೆ ಆಸ್ಪತ್ರೆಯ ಹಳೆಯ ಕಾಗದಗಳನ್ನು ಒಲೆಗೆ ಹಾಕಿದ ಮನೆಯೊಂದು ನಮಗೆ ಗೊತ್ತು. ಯಾರ ಕಣ್ಣಿಗೂ ಬೀಳಬಾರದೆಂಬುದು ಅವರ ಉದ್ದೇಶ. ಇದನ್ನು ಮಾಡಬಾರದು. ಆ ಕಡತದಲ್ಲಿ ಯಾವ ಔಷಧ ಎಷ್ಟು ಕೊಟ್ಟರೆಂಬ ಲೆಕ್ಕವಿರುತ್ತದೆ. ಅವುಗಳಲ್ಲಿ ಕೆಲವು ಔಷಧಗಳು ಹೃದಯದ ಸ್ನಾಯುವನ್ನು ಮೆಲ್ಲಗೆ ಬಲಗುಂದಿಸಬಲ್ಲವು, ಅದು ಗೊತ್ತಾಗುವುದು ಹತ್ತಿಪ್ಪತ್ತು ವರ್ಷಗಳ ಮೇಲೆ, ಎಷ್ಟೋ ಸಲ ಹೆಂಗಸಿನ ಬಸುರಿನಲ್ಲಿ. ಆಗ ವೈದ್ಯರು ಮೊದಲು ಕೇಳುವುದು ಆ ಕಾಗದಗಳನ್ನೇ. ಚಿಕಿತ್ಸೆ ಮುಗಿದ ದಿನ ಆಸ್ಪತ್ರೆಯಿಂದ ಅದರ ಸಾರಾಂಶವನ್ನು ಬರೆಸಿಕೊಂಡು, ಎರಡು ಪ್ರತಿ ಮಾಡಿಸಿ, ಒಂದನ್ನು ತವರಿನಲ್ಲಿಟ್ಟು ಇನ್ನೊಂದನ್ನು ಮಗಳ ಪೆಟ್ಟಿಗೆಯಲ್ಲಿ ಅವಳ ಸೀರೆಗಳ ಜೊತೆಗೆ ಇಟ್ಟು ಕಳಿಸಬೇಕು.